ಕೈಗಿಂತ ಮೊದಲು ಕಾಲು

ಪ್ರಶ್ನೆ: ಮಗಳು ಎರಡು ಎಂಜಿನ್ ವಿಮಾನದ ತರಬೇತಿಯಲ್ಲಿದ್ದಾಳೆ. ಹಾರುವಾಗ ಮೇಷ್ಟ್ರು ಬೇಕಂತಲೇ ಒಂದು ಎಂಜಿನ್ ನಿಲ್ಲಿಸುತ್ತಾರಂತೆ. ಒಂದು ಹೋದರೂ ಇನ್ನೊಂದು ಇರುತ್ತದೆ, ಅಲ್ವಾ? ಇಂಥ ಅಪಾಯದ ಅಭ್ಯಾಸ ಯಾಕೆ?

ಉತ್ತರ: ‘ಇನ್ನೊಂದು ಇರುತ್ತದೆ’ ಅನ್ನುವ ನಂಬಿಕೆಯನ್ನು ಬಿಡಿಸುವುದೇ ಈ ತರಬೇತಿಯ ಮೊದಲ ಕೆಲಸ. ಮನೆಗೆ ಬರುವ ಸಂಬಳ ಅರ್ಧವಾಯಿತು, ಖರ್ಚು ಮಾತ್ರ ಅಷ್ಟೇ ಇದೆ ಅಂದುಕೊಳ್ಳಿ. ಆಗ ಉಳಿತಾಯ ಅರ್ಧ ಆಗುವುದಿಲ್ಲ, ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ವಿಮಾನ ಮೇಲೇರುವುದು ಇಂಥ ಉಳಿತಾಯದಿಂದಲೇ, ಅಂದರೆ ಬರೀ ಹಾರುತ್ತಿರಲು ಬೇಕಾದಷ್ಟು ಕಳೆದು ಮಿಕ್ಕ ಶಕ್ತಿಯಿಂದ. ಚಿಕ್ಕ ವಿಮಾನದಲ್ಲಿ ಒಂದು ಎಂಜಿನ್ ನಿಂತರೆ ಮೇಲೇರುವ ಶಕ್ತಿಯ ಶೇ 80ಕ್ಕಿಂತ ಜಾಸ್ತಿ ಹೋಗಬಹುದು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದೇ ಕಡೆಯ ಎಂಜಿನ್ ಎಳೆಯುವುದರಿಂದ ಮೂತಿ ಕೆಟ್ಟ ಎಂಜಿನ್ ಕಡೆಗೆ ತಿರುಗುತ್ತದೆ, ಅದನ್ನು ಕಾಲಿನಡಿಯ ರಡ್ಡರ್ ಪೆಡಲ್ (ಬಾಲದ ಪಟ್ಟಿ ತಿರುಗಿಸಿ ಮೂತಿಯನ್ನು ಎಡಕ್ಕೋ ಬಲಕ್ಕೋ ಹೊರಳಿಸುವುದು) ಒತ್ತಿ ತಡೆಯಬೇಕು. ವೇಗ ತೀರಾ ಇಳಿದರೆ ಪೆಡಲ್ ಪೂರ್ತಿ ಒತ್ತಿದರೂ ಸಾಲುವುದಿಲ್ಲ, ವಿಮಾನ ಮಗುಚಿಕೊಳ್ಳುತ್ತದೆ. ವೇಗದ ಮೀಟರಿನಲ್ಲಿ ಕೆಂಪು ಗೆರೆ ಹಾಕಿರುವುದು ಇದಕ್ಕೇ. ಆ ಗಳಿಗೆಯಲ್ಲಿ ಮಾಡಬೇಕಾದ್ದು ಏನು ಗೊತ್ತಾ? ಚೆನ್ನಾಗಿರುವ ಎಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡಿ ಮೂತಿ ಇಳಿಸಬೇಕು. ಮನಸ್ಸು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೇ ಅಷ್ಟು ಸಲ ಮಾಡಿಸುತ್ತಾರೆ.

ಇನ್ನು ಅಪಾಯದ ಮಾತು. ನಿಜವಾಗಿ ಎಂಜಿನ್ ನಿಲ್ಲಿಸುವುದು ಸಾಕಷ್ಟು ಎತ್ತರದಲ್ಲಿ ಮಾತ್ರ. ಅಮೆರಿಕದ ಪರೀಕ್ಷೆಯಲ್ಲಿ ಈ ಅಭ್ಯಾಸಕ್ಕೆ ನೆಲದಿಂದ ಕನಿಷ್ಠ 3,000 ಅಡಿ ಎತ್ತರ ಬೇಕು. ನೆಲಕ್ಕೆ ಹತ್ತಿರ ಇದ್ದಾಗ ಥ್ರಾಟಲ್, ಅಂದರೆ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಮಾಡುವ ಲಿವರ್, ಹಿಂದಕ್ಕೆಳೆದು ಎಂಜಿನ್ ಕೆಟ್ಟಂತೆ ಮಾಡುತ್ತಾರೆ ಅಷ್ಟೇ, ಬೇಕೆಂದ ಕೂಡಲೇ ಅದು ವಾಪಸ್ ಸಿಗುತ್ತದೆ. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಆದರೆ ಮಗಳು ಇದನ್ನು ಮೊದಲ ಸಲ ನೋಡುವಾಗ ಪಕ್ಕದಲ್ಲಿ ಮೇಷ್ಟ್ರು ಇರಲಿ.

ಪ್ರಶ್ನೆ: ನಾನು ವಿದ್ಯಾರ್ಥಿ. ಸಿಮ್ಯುಲೇಟರಿನಲ್ಲಿ ಎಡ ಎಂಜಿನ್ ಕೆಟ್ಟಾಗ ಬಲ ಎಂಜಿನ್ ಆಫ್ ಮಾಡಿಬಿಟ್ಟೆ. ಅವತ್ತಿನಿಂದ ಧೈರ್ಯವೇ ಹೋಗಿದೆ.

ಉತ್ತರ: ನಾಚಿಕೆ ಬೇಡ. ಈ ತಪ್ಪನ್ನು ಅನುಭವಸ್ಥರೂ ಮಾಡಿದ್ದಾರೆ. 2015ರ ಫೆಬ್ರವರಿ 4ರಂದು ತೈವಾನಿನ ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ 72 ಪ್ರಯಾಣಿಕ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಬಲಗಡೆಯ ಪ್ರೊಪೆಲ್ಲರ್ ಎಳೆಯುವುದನ್ನು ನಿಲ್ಲಿಸಿತು, ಪೈಲಟ್ ಆಫ್ ಮಾಡಿದ್ದು ಸರಿಯಾಗಿದ್ದ ಎಡಗಡೆಯದ್ದನ್ನು. ವಿಮಾನದಲ್ಲಿದ್ದ 58 ಜನರಲ್ಲಿ 43 ಜನ ತೀರಿಕೊಂಡರು.

ನಿಮ್ಮ ಕೈ ಕಾಲಿಗಿಂತ ಮುಂಚೆ ಹೋಗಿದೆ, ಆಗಿದ್ದು ಇಷ್ಟೇ. ಕೆಲವು ಮೇಷ್ಟ್ರು ಲಿವರ್‌ಗಳ ಮೇಲೆ ಒಂದು ರಟ್ಟು ಅಡ್ಡ ಹಿಡಿದು, ಅದರ ಹಿಂದೆ ಯಾವುದನ್ನೋ ಎಳೆಯುತ್ತಾರೆ. ಯಾವುದು ಅಂತ ಕಾಣುವುದಿಲ್ಲ. ಮೂತಿ ಎಡಕ್ಕೆ ಜಾರುತ್ತದೆ, ನೀವು ನೇರ ಹಿಡಿಯಲು ಬಲಗಾಲು ಒತ್ತುತ್ತೀರಿ, ತೊಡೆ ನಡುಗುವಷ್ಟು ಒತ್ತಬೇಕಾಗುತ್ತದೆ. ಎಡಗಾಲು ಸುಮ್ನೆ ಕೂತಿರುತ್ತದೆ. ಆ ಸುಮ್ಮನಿರುವ ಕಾಲಿನ ಕಡೆಯದ್ದೇ ಕೆಟ್ಟ ಎಂಜಿನ್. ಇಷ್ಟಕ್ಕೇ ನಂಬಬೇಡಿ. ಆ ಕಡೆಯ ಥ್ರಾಟಲ್ಲನ್ನು ನಿಧಾನಕ್ಕೆ ಹಿಂದಕ್ಕೆ ತನ್ನಿ. ಶಬ್ದ ಬದಲಾಗಲಿಲ್ಲ, ಮೂತಿ ಅಲುಗಲಿಲ್ಲ, ಕಾಲಿನ ಭಾರವೂ ಹಾಗೇ ಇದೆ ಅಂದರೆ ಖಾತ್ರಿ. ಏನಾದರೂ ಬದಲಾಯಿತಾ? ಕೂಡಲೇ ಮುಂದಕ್ಕೆ ತಳ್ಳಿ, ನೀವು ಮುಟ್ಟಿದ್ದು ಚೆನ್ನಾಗಿರುವುದನ್ನು.

ಖಾತ್ರಿ ಆದ ಮೇಲೆ ಫೆದರ್ ಮಾಡಿ, ಅಂದರೆ ಪ್ರೊಪೆಲ್ಲರ್ ಅಲಗುಗಳ ಅಂಚನ್ನು ಗಾಳಿಗೆ ಎದುರಾಗಿ ತಿರುಗಿಸಿ. ಇಲ್ಲದಿದ್ದರೆ ಅದು ಗಾಳಿಗೆ ಸುತ್ತುತ್ತಾ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ಈ ಮಧ್ಯೆ ವೇಗ ನೀಲಿ ಗೆರೆಯಿಂದ ಇಳಿಯದಂತೆ ನೋಡಿಕೊಳ್ಳಿ, ಒಂದೇ ಎಂಜಿನ್ನಿನಲ್ಲಿ ಚೆನ್ನಾಗಿ ಮೇಲೇರುವ ವೇಗ ಅದೇ. ಮುಂದಿನ ಸಲ ಲಿವರ್ ಮುಟ್ಟುವ ಮೊದಲು ‘ಎಡಗಾಲು ಸುಮ್ಮನಿದೆ, ಎಡ ಎಂಜಿನ್’ ಅಂತ ಬಾಯಿಬಿಟ್ಟು ಹೇಳಿ. ಆ ಎರಡು ಸೆಕೆಂಡ್ ತಡವಾದರೆ ಮೇಷ್ಟ್ರು ಬೈಯುವುದಿಲ್ಲ.

ಪ್ರಶ್ನೆ: ಎಡ ಎಂಜಿನ್ ಹೋದರೇ ಕಷ್ಟ ಜಾಸ್ತಿ ಅನ್ನುತ್ತಾರೆ, ನಿಜವಾ?

ಉತ್ತರ: ಪೈಲಟ್ ಸೀಟಿನಿಂದ ನೋಡಿದಾಗ ಎರಡೂ ಪ್ರೊಪೆಲ್ಲರ್ ಗಡಿಯಾರದ ದಿಕ್ಕಿಗೆ ಸುತ್ತುವ ವಿಮಾನದಲ್ಲಿ ನಿಜ. ಮೂತಿ ಎತ್ತಿ ನಿಧಾನ ಹಾರುವಾಗ ಕೆಳಕ್ಕೆ ಬರುವ ಅಲಗು, ಅಂದರೆ ಬಲಬದಿಯದ್ದು, ಜಾಸ್ತಿ ಎಳೆಯುತ್ತದೆ. ಹಾಗಾಗಿ ಬಲ ಎಂಜಿನ್ನಿನ ಎಳೆತ ವಿಮಾನದ ನಡುವಿನಿಂದ ಹೆಚ್ಚು ದೂರಕ್ಕೆ ಬೀಳುತ್ತದೆ, ಅದೊಂದೇ ಉಳಿದಾಗ ತಿರುಗಿಸುವ ಜೋರೂ ಹೆಚ್ಚು. ಎರಡು ಎಂಜಿನ್ನಿನ ಚಿಕ್ಕ ವಿಮಾನ ಪೈಪರ್ ಸೆಮಿನೋಲ್‌ನಲ್ಲಿ ಎರಡು ಪ್ರೊಪೆಲ್ಲರ್‌ಗಳು ಒಂದಕ್ಕೊಂದು ವಿರುದ್ಧ ಸುತ್ತುತ್ತವೆ, ಅಲ್ಲಿ ಈ ಭೇದ ಇಲ್ಲ.