ಮೊದಲ ರೀಫ್ ಟ್ಯಾಂಕ್: 40 ಲೀಟರಾ, 3 ಅಡಿಯದ್ದಾ, 4 ಅಡಿಯದ್ದಾ?

ನೀವು ಮೂರು ವರ್ಷದಿಂದ ಸಿಹಿನೀರಿನ ಮೀನು ಸಾಕಿದ್ದೀರಿ. ಈಗ ರೀಫ್ ಟ್ಯಾಂಕ್, ಅಂದರೆ ಉಪ್ಪುನೀರಿನಲ್ಲಿ ಹವಳ ಸಾಕುವ ಟ್ಯಾಂಕ್ ಇಡಬೇಕು, ಜೊತೆಗೆ ಒಂದು ಜೋಡಿ ಕ್ಲೌನ್ ಮೀನು ಬೇಕು ಅನ್ನುವ ಆಸೆ. 40 ಲೀಟರಿನ ಪುಟ್ಟ ಟ್ಯಾಂಕ್‌ನಲ್ಲಿ ಕಲಿಯಲಾ, 3 ಅಡಿಯದ್ದು ತಗೊಳ್ಳಲಾ, ಇಲ್ಲ ಒಂದೇ ಸಲ 4 ಅಡಿಗೆ ಹೋಗಲಾ ಎಂದು ಕೇಳಿದ್ದೀರಿ.

ನಾನು ಹೇಳುವುದು 3 ಅಡಿಯದ್ದು. ಉದ್ದ 90 ಸೆಂ.ಮೀ., ಅಗಲ 45, ಎತ್ತರ 45. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 182 ಲೀಟರ್ ಬರುತ್ತದೆ. ಕಲ್ಲು, ಮರಳು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ನಿಜವಾಗಿ ಹಿಡಿಯುವ ನೀರು 150 ಲೀಟರ್ ಆಸುಪಾಸು. ಮುಂದೆ ಕ್ಯಾಲ್ಸಿಯಂ ಅಥವಾ ಬೇರೆ ಏನೇ ಹಾಕುವಾಗಲೂ ಈ 150ರ ಲೆಕ್ಕವನ್ನೇ ಹಿಡಿಯಿರಿ. 182ರ ಲೆಕ್ಕದಲ್ಲಿ ಹಾಕಿದರೆ ಜಾಸ್ತಿ ಆಗುತ್ತದೆ.

ನಾನು ಶುರು ಮಾಡಿದ್ದು 40 ಲೀಟರಿನಲ್ಲಿ. ಎಲ್ಲಾ ಸರಿಯಾಗಿಯೇ ನಡೆದಿತ್ತು. ಪಾಚಿ ತಿನ್ನಲಿ ಎಂದು ನಿಂಬೆಹಣ್ಣಿನ ಗಾತ್ರದ ಒಂದು ಟರ್ಬೊ ಬಸವನಹುಳು ಬಿಟ್ಟಿದ್ದೆ. ಅದು ಒಂದು ರಾತ್ರಿ ಕಲ್ಲಿನ ಹಿಂದೆ ಅಂಗಾತ ಬಿತ್ತು. ಈ ಹುಳುಗಳು ಬಿದ್ದರೆ ಎಷ್ಟೋ ಸಲ ತಾವಾಗಿ ಮಗುಚಿಕೊಳ್ಳುವುದಿಲ್ಲ. ಅದು ಅಲ್ಲೇ ಸತ್ತಿತು, ನನಗೆ ಕಾಣಲಿಲ್ಲ. ಮರುದಿನ ಸಂಜೆ ನೀರು ಮಬ್ಬಾಗಿತ್ತು. ಹ್ಯಾಮರ್ ಹವಳ (ತೋಳಿನ ತುದಿ ಸುತ್ತಿಗೆಯ ಹಾಗಿರುವ ಜಾತಿ) ತನ್ನ ತೋಳುಗಳನ್ನೆಲ್ಲ ಒಳಗೆ ಎಳೆದುಕೊಂಡು, ಬರೀ ಬಿಳಿ ಅಸ್ಥಿಯ ಅಂಚು ಕಾಣುವ ಹಾಗೆ ಕೂತಿತ್ತು. ಅಮೋನಿಯಾ ಟೆಸ್ಟ್ ಮಾಡಿದರೆ ಕೊಳವೆಯ ನೀರು ಹಸಿರಾಯಿತು, ಅಂದರೆ ಸತ್ತ ಹುಳು ಕೊಳೆತು ಆ ವಿಷ ನೀರಿಗೆ ಸೇರಿತ್ತು. ಇದ್ದ ನೀರಲ್ಲಿ ಅರ್ಧ ಬದಲಿಸಿದೆ. ಆದರೂ ಆ ಹವಳ ಉಳಿಯಲಿಲ್ಲ. ಈಗಲೂ ನೆನೆದರೆ ಬೇಜಾರಾಗುತ್ತದೆ.

ಆಮೇಲೆ 3 ಅಡಿಯ ಟ್ಯಾಂಕ್‌ನಲ್ಲೂ ಇದೇ ಆಯಿತು. ಅಷ್ಟೇ ದೊಡ್ಡ ಹುಳು, ಅದೇ ರೀತಿ ಸತ್ತಿತು. ಚಿಪ್ಪು ಹೊರಗೆ ತೆಗೆದಾಗ ವಾಸನೆ ಬಂತು, ಅಷ್ಟೇ. ಹವಳಗಳು ಅರಳಿಕೊಂಡೇ ಇದ್ದವು.

ಸೈಜ್ ವಿಷಯದಲ್ಲಿ ನಾನು ಕಲಿತಿದ್ದು ಇಲ್ಲೇ. "ದೊಡ್ಡ ಟ್ಯಾಂಕ್‌ನಲ್ಲಿ ಆವಿ ಆದರೂ ಉಪ್ಪು ಏರುವುದಿಲ್ಲ" ಎಂದು ಸುಮಾರು ಜನ ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಸಮುದ್ರದ ನೀರಿನಲ್ಲಿ ಸಾವಿರಕ್ಕೆ 35 ಪಾಲು ಉಪ್ಪು. ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. 40 ಲೀಟರಿನಲ್ಲಿ 3 ಲೀಟರ್ ಹೋದರೆ 35 ಇದ್ದದ್ದು ಸುಮಾರು 37.8 ಆಗುತ್ತದೆ. ಆದರೆ ಆವಿ ಎಷ್ಟಾಗುತ್ತದೆ ಅನ್ನುವುದು ನೀರಿನ ಮೇಲ್ಮೈ ಮೇಲೆ ನಿಂತಿದೆ. ಟ್ಯಾಂಕ್ ದೊಡ್ಡದಾದರೆ ಮೇಲ್ಮೈಯೂ ದೊಡ್ಡದು, ಅಲ್ವಾ? ಲಾಭ ಇದೆ, ನೀವು ಅಂದುಕೊಂಡಷ್ಟು ಇಲ್ಲ. ಆ ಸಮಸ್ಯೆಗೆ ಸರಿಯಾದ ಉತ್ತರ ಆಟೋ ಟಾಪ್ ಆಫ್. ನೀರು ಇಳಿದ ಹಾಗೆಲ್ಲ ಶುದ್ಧ ನೀರನ್ನು ಅದೇ ತುಂಬಿಸುತ್ತದೆ. ಯಾವ ಸೈಜ್ ತಗೊಂಡರೂ ಇದನ್ನು ಮಾತ್ರ ಬಿಡಬೇಡಿ.

ದೊಡ್ಡ ನೀರು ನಮ್ಮನ್ನು ಕಾಯುವುದು ಬೇರೆ ತರಹದ ತಪ್ಪಿನಿಂದ. ಸತ್ತ ಹುಳು ಒಂದೇ ಗಾತ್ರ. ಕೈತಪ್ಪಿ ಜಾಸ್ತಿ ಬಿದ್ದ ಒಂದು ಚಿಟಿಕೆ ಆಹಾರ ಒಂದೇ ಗಾತ್ರ. ಮರೆತು ಎರಡನೇ ಸಲ ಹಾಕಿದ ಒಂದು ಮುಚ್ಚಳ ದ್ರಾವಣವೂ ಅಷ್ಟೇ. 40 ಲೀಟರಿನಲ್ಲಿ ಅದು ಹವಳವನ್ನೇ ಕೊಲ್ಲಬಹುದು, 150 ಲೀಟರಿನಲ್ಲಿ ತಿದ್ದಿಕೊಳ್ಳಲು ಒಂದೆರಡು ದಿನ ಸಿಗುತ್ತದೆ. ಹೊಸಬರಿಗೆ ಬೇಕಾಗಿರುವುದೇ ಆ ಒಂದೆರಡು ದಿನ.

ಹಾಗಾದರೆ 4 ಅಡಿಯೇ ಇನ್ನೂ ಒಳ್ಳೆಯದಲ್ವಾ ಅಂತ ಕೇಳುತ್ತೀರಿ. ಇಲ್ಲಿ ಬಕೆಟ್ ಲೆಕ್ಕ ಹಾಕಿ.

ವಾರಕ್ಕೆ 10% ನೀರು ಬದಲಿಸುತ್ತೀರಿ ಅಂದುಕೊಳ್ಳಿ. 3 ಅಡಿಯದ್ದಕ್ಕೆ 15 ಲೀಟರ್, ಅಂದರೆ ಒಂದು ಬಕೆಟ್. ಹಿಂದಿನ ಸಂಜೆ ಆರ್‌ಓ ಡಿಐ ನೀರು (ಫಿಲ್ಟರ್‌ನಲ್ಲಿ ಲವಣಗಳನ್ನೆಲ್ಲ ತೆಗೆದ ಶುದ್ಧ ನೀರು) ಹಿಡಿದು, ಅರ್ಧ ಕೆ.ಜಿ.ಗಿಂತ ತುಸು ಜಾಸ್ತಿ ಉಪ್ಪು ಸುರಿದು, ಒಳಗೆ ಒಂದು ಸಣ್ಣ ಪಂಪ್, ಒಂದು ಹೀಟರ್ ಬಿಡಬೇಕು. ಮೊದಲು ನೀರು ಹಾಲಿನ ಹಾಗೆ ಬೆಳ್ಳಗಿರುತ್ತದೆ. ಬೆಳಗ್ಗೆ ಹೊತ್ತಿಗೆ ಬಕೆಟ್‌ನ ತಳ ಕಾಣುತ್ತದೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಮೇಲೆ ಒಂದು ಹನಿ ಇಟ್ಟು 35 ಬಂತಾ ನೋಡಿ, ಟ್ಯಾಂಕ್‌ನಷ್ಟೇ ಬೆಚ್ಚಗಿದೆಯಾ ನೋಡಿ, ಹಾಕಿದರೆ ಮುಗಿಯಿತು. 4 ಅಡಿಯದ್ದು 60 ಅಗಲ, 60 ಎತ್ತರ ಇದ್ದರೆ 432 ಲೀಟರ್. ಕಲ್ಲು, ಮರಳು ಕಳೆದರೂ ವಾರಕ್ಕೆ 35 ಲೀಟರ್ ಬೇಕು. ಉಪ್ಪು ಒಂದೂಕಾಲು ಕೆ.ಜಿ.ಗೂ ಜಾಸ್ತಿ. ಒಂದು ಬಕೆಟ್ ಕೆಲಸವನ್ನು ಸುಸ್ತಾಗಿದ್ದ ದಿನವೂ ಮಾಡುತ್ತೇವೆ. ಮೂರು ಬಕೆಟ್ ಆದರೆ ಮುಂದಿನ ವಾರಕ್ಕೆ ಹೋಗುತ್ತದೆ. ಹಾಗೆ ತಿಂಗಳು ಕಳೆದ ಟ್ಯಾಂಕ್‌ಗಳನ್ನು ನಾನು ಕಂಡಿದ್ದೇನೆ, ಗಾಜಿನ ತುಂಬ ಪಾಚಿ.

ಎತ್ತರದ ಟ್ಯಾಂಕ್ ನೋಡಲು ಚೆಂದ. ಆದರೆ ಮೊದಲ ಸಲ ಬೇಡ. ತಳದಲ್ಲಿ ಬಿದ್ದ ಹವಳದ ತುಂಡನ್ನು ಎತ್ತಬೇಕಾದರೆ ಕಂಕುಳವರೆಗೆ ಕೈ ಮುಳುಗಿಸಬೇಕು. ಬೆಳಕೂ ಕೆಳಗೆ ಹೋದ ಹಾಗೆ ಕಡಿಮೆಯಾಗುತ್ತದೆ. ಅದಕ್ಕಿಂತ ಅಗಲ ಜಾಸ್ತಿ ಇರಲಿ. ಹವಳಗಳು ಸುಮ್ನೆ ಕೂತಿರುವ ಗಿಡಗಳಲ್ಲ. ಹ್ಯಾಮರ್ ಜಾತಿಯವು ರಾತ್ರಿ ಉದ್ದನೆಯ ಕುಟುಕುವ ತೋಳು ಚಾಚಿ ಪಕ್ಕದ ಹವಳವನ್ನು ಸುಡುತ್ತವೆ. ನಡುವೆ ಒಂದು ಗೇಣಿನಷ್ಟಾದರೂ ಜಾಗ ಬಿಡಬೇಕು. 45 ಅಗಲ ಇದ್ದರೆ ಎರಡು ಕಲ್ಲಿನ ಗುಡ್ಡ ಕಟ್ಟಿ, ಮಧ್ಯೆ ಮರಳು ಬಿಡಲು ಆಗುತ್ತದೆ.

ಮೀನಿನ ಮಾತು ಬೇಗ ಮುಗಿಸುತ್ತೇನೆ. ಒಂದು ಜೋಡಿ ಕ್ಲೌನ್, ಒಂದು ಗೋಬಿ, ಇನ್ನೊಂದು ಸಣ್ಣ ಮೀನು ಈ ಟ್ಯಾಂಕ್‌ನಲ್ಲಿ ನೆಮ್ಮದಿಯಾಗಿರುತ್ತವೆ. ಟ್ಯಾಂಗ್ ಮೀನು ಬೇಡವೇ ಬೇಡ. ನೀಲಿ ಟ್ಯಾಂಗ್ ಬೆಳೆದರೆ 30 ಸೆಂ.ಮೀ. ಮುಟ್ಟಬಹುದು, ದಿನವಿಡೀ ಈಜುವ ಮೀನು ಅದು. ಅದೇ ಬೇಕು ಅನ್ನುವುದಾದರೆ ನಿಮ್ಮ ಪ್ರಶ್ನೆಯೇ ಬೇರೆ, 4 ಅಡಿಯೂ ಸಾಲುವುದಿಲ್ಲ. ಮ್ಯಾಂಡರಿನ್ ಮೀನನ್ನೂ ಹೊಸ ಟ್ಯಾಂಕ್‌ಗೆ ತರಬೇಡಿ. ಕಲ್ಲಿನ ಮೇಲಿನ ಸಣ್ಣ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುವ ಮೀನು, ಹೊಸ ಕಲ್ಲಿನಲ್ಲಿ ಅವು ಇರುವುದಿಲ್ಲ. ಹಸಿದೇ ಸಾಯುತ್ತದೆ.

ಕೆಳಗೆ ಸಂಪ್ (ಮೇಲಿನ ಟ್ಯಾಂಕ್‌ನ ನೀರು ಇಳಿದು ಬಂದು, ಪಂಪ್‌ನಿಂದ ಮತ್ತೆ ಮೇಲೆ ಹೋಗುವ ಇನ್ನೊಂದು ತೊಟ್ಟಿ) ಇಡುವುದಾದರೆ ಅದರ ಸೈಜನ್ನೂ ಈಗಲೇ ಯೋಚಿಸಿ. ಕರೆಂಟ್ ಹೋದಾಗ ಪಂಪ್ ನಿಲ್ಲುತ್ತದೆ, ಮೇಲಿನ ನೀರು ಕೆಳಗೆ ಇಳಿಯುತ್ತದೆ. 90×45ರ ಟ್ಯಾಂಕ್‌ನಲ್ಲಿ ನೀರು ಬರೀ 3 ಸೆಂ.ಮೀ. ಇಳಿದರೂ 12 ಲೀಟರ್. ಅಷ್ಟು ಜಾಗ ಸಂಪ್‌ನಲ್ಲಿ ಯಾವಾಗಲೂ ಖಾಲಿ ಇರಬೇಕು. ನೀರು ತುಂಬಿಸಿದ ಮೊದಲ ದಿನವೇ ಬೇಕೆಂದೇ ಪಂಪ್ ಆಫ್ ಮಾಡಿ, ಪಕ್ಕದಲ್ಲೇ ಕೂತು ನೋಡಿ.

ಗಾಜು, ಕಲ್ಲು, ನೀರು, ಸ್ಟ್ಯಾಂಡ್ ಎಲ್ಲಾ ಸೇರಿ 3 ಅಡಿಯದ್ದು ಸುಮಾರು ಕಾಲು ಟನ್ ತೂಗುತ್ತದೆ. ನೆಲ ಸಮ ಇದೆಯಾ ಎಂದು ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಮೇಲಿನ ಮಹಡಿಯಾದರೆ ನೆಲ ಅಷ್ಟು ಭಾರ ಹೊರುತ್ತದೆಯಾ ಎಂದು ತಿಳಿದವರನ್ನು ಕೇಳಿ, ಗೋಡೆಯ ಬದಿಗೇ ಇಡಿ.

ಅಷ್ಟು ಜಾಗ ಇಲ್ಲ ಅಂದರೆ 60×45×45 ತಗೊಳ್ಳಿ, 121 ಲೀಟರ್ ಆಗುತ್ತದೆ. ಅದರಲ್ಲೂ ನಿಮ್ಮ ಕ್ಲೌನ್ ಜೋಡಿ ಚೆನ್ನಾಗಿರುತ್ತದೆ. ಅದಕ್ಕಿಂತ ಕೆಳಗೆ ಮಾತ್ರ ಇಳಿಯಬೇಡಿ.

ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಟ್ಯಾಂಕ್ ಇಡಬೇಕೆಂದಿರುವ ಜಾಗದಲ್ಲಿ 90×45ಕ್ಕೆ ಕತ್ತರಿಸಿದ ಪೇಪರ್ ಹಾಸಿ. ನೀರು ಹಿಡಿಯುವ ಕಡೆಯಿಂದ ಅಲ್ಲಿಗೆ 15 ಲೀಟರಿನ ಬಕೆಟ್ ಹೊತ್ತು ತನ್ನಿ, ವಾಪಸ್ ತಗೊಂಡು ಹೋಗಿ ಚೆಲ್ಲಿ. ನಾಲ್ಕು ವಾರ, ವಾರಕ್ಕೊಂದು ಸಲ. ಹೇಗೂ ಟ್ಯಾಂಕ್‌ಗೆ ನೀರು ತುಂಬಿದ ಮೇಲೆ ಅಮೋನಿಯಾ, ಅದರಿಂದ ಆಗುವ ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ, ಅಂದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಮೀನಿಲ್ಲದೆ ಕಾಯಲೇಬೇಕು. ಆ ಕಾಯುವಿಕೆಗೂ ಇದರಿಂದ ಅಭ್ಯಾಸವಾಗುತ್ತದೆ.