ಅಜ್ಜಿ ಬಂದ ಹಡಗು

ತಂಗಿ, ನಿನ್ನ ಪ್ರಶ್ನೆ ಓದಿದೆ. ಮುಂದಿನ ತಿಂಗಳು ಇಸ್ರೇಲಿನ ಹೈಫಾಕ್ಕೆ ಬರುತ್ತಿದ್ದೀಯ, 84 ವರ್ಷದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ‘ಅಮ್ಮ ಎಕ್ಸೋಡಸ್‌ನಲ್ಲಿ ಬಂದವರು, ಅವರೆದುರು ಜರ್ಮನಿ ಸುದ್ದಿ ಎತ್ತಬೇಡ’ ಅಂತ ಅವರ ಮಗಳು ಫೋನಿನಲ್ಲಿ ಹೇಳಿದಳಂತೆ. ಏನಕ್ಕಾ ಅದು, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀಯ. ಚಳಿ, ಊಟದ ಮಾತು ಆಮೇಲೆ. ಮೊದಲು ಎಕ್ಸೋಡಸ್, ಅದೊಂದು ಹಡಗಿನ ಹೆಸರು.

ಇಸ್ರೇಲ್ ದೇಶ ಆಗುವ ಮೊದಲು ಇಲ್ಲಿ ಬ್ರಿಟಿಷರ ಆಡಳಿತ. ಐದು ವರ್ಷಕ್ಕೆ 75,000 ಯಹೂದಿಗಳು ಮಾತ್ರ ಬರಬಹುದು ಅಂತ 1939ರಲ್ಲೇ ಮಿತಿ ಹಾಕಿದ್ದರು. ಯುದ್ಧ ಮುಗಿದ ಮೇಲೂ ತಿಂಗಳಿಗೆ 1,500 ಜನಕ್ಕಷ್ಟೇ ಪರವಾನಗಿ. ಹಿಟ್ಲರನ ಕೈಯಿಂದ ಉಳಿದವರು ಕಾಯಲಿಲ್ಲ, ಕದ್ದು ಹಡಗು ಹತ್ತಿದರು. ಹಾಗೆ ಬಂದವರನ್ನು ಇಲ್ಲಿ ‘ಮಾಪಿಲಿಮ್’ ಅನ್ನುತ್ತಾರೆ. ನಾನು ಮೊದಲು ಕೇಳಿದಾಗ ನಮ್ಮ ಕರಾವಳಿಯ ಮಾಪಿಳ್ಳೆಗಳು ಇಲ್ಲಿಗೂ ಬಂದಿದ್ದರೇನೋ ಅಂದುಕೊಂಡಿದ್ದೆ!

ಎಕ್ಸೋಡಸ್ ಸಮುದ್ರಕ್ಕೆ ಅಂತ ಕಟ್ಟಿದ ಹಡಗೇ ಅಲ್ಲ. 1928ರಲ್ಲಿ ಅಮೆರಿಕದಲ್ಲಿ ಕಟ್ಟಿದ್ದು, ಆಗಿನ ಹೆಸರು ಪ್ರೆಸಿಡೆಂಟ್ ವಾರ್‌ಫೀಲ್ಡ್. ಅಲ್ಲಿನ ಒಂದು ಕೊಲ್ಲಿಯ ಒಳನೀರಿನಲ್ಲಿ ಕೆಲವು ನೂರು ಜನರನ್ನು ರಾತ್ರಿ ಒಂದು ಊರಿನಿಂದ ಇನ್ನೊಂದು ಊರಿಗೆ ಮುಟ್ಟಿಸುತ್ತಿತ್ತು. ಹಗಾನಾ ಎಂಬ ಯಹೂದಿಗಳ ಭೂಗತ ಸೇನೆಯವರು ಅದನ್ನು ಗುಟ್ಟಾಗಿ ಕೊಂಡರು. 1947ರ ಜುಲೈ 11ರಂದು ಫ್ರಾನ್ಸಿನ ಸೆತ್ ಬಂದರಿನಿಂದ ಹೊರಟಾಗ ಒಳಗೆ 4,500ಕ್ಕೂ ಹೆಚ್ಚು ಜನ. ಕೈಯಲ್ಲಿ ಕೊಲಂಬಿಯಾದ ನಕಲಿ ವೀಸಾ. ಕ್ಯಾಪ್ಟನ್ ಐಕ್ ಅರನೋವಿಚ್‌ಗೆ ಇನ್ನೂ 23 ವರ್ಷ.

ಬ್ರಿಟಿಷ್ ನೌಕೆಗಳು ಹೊರಟಾಗಿನಿಂದಲೇ ಬೆನ್ನುಹತ್ತಿದ್ದವು. ಜುಲೈ 18ರಂದು ದಡ ಇನ್ನೂ ದೂರ ಇರುವಾಗಲೇ ಎರಡೂ ಕಡೆಯಿಂದ ಬಂದು ಗುದ್ದಿದವು. ಸೈನಿಕರು ಹತ್ತಿದಾಗ ಜನ ಡಬ್ಬಿ, ಆಲೂಗಡ್ಡೆ ಎಸೆದರು. ಮೂವರು ಸತ್ತರು, ಅದರಲ್ಲಿ ಬಿಲ್ ಬರ್ನ್‌ಸ್ಟೈನ್ ಎಂಬ ಅಮೆರಿಕನ್ ನಾವಿಕನೂ ಒಬ್ಬ.

ಹೈಫಾ ಬಂದರು ಕಣ್ಣೆದುರು ಬಂತು. ಆದರೆ ಊರೊಳಗೆ ಬಿಡಲಿಲ್ಲ. ಇಂಥವರನ್ನು ಸಾಮಾನ್ಯವಾಗಿ ಸೈಪ್ರಸ್‌ನ ಶಿಬಿರಕ್ಕೆ ಒಯ್ಯುತ್ತಿದ್ದರು. ಈ ಸಲ ಪಾಠ ಕಲಿಸಬೇಕು ಅಂತ ಮೂರು ಹಡಗುಗಳಿಗೆ ತುಂಬಿ ಫ್ರಾನ್ಸಿಗೇ ವಾಪಸ್ ಕಳಿಸಿದರು. ಪೋರ್-ದ-ಬೂಕ್ ಬಂದರಿನಲ್ಲಿ ‘ಇಳಿಯಿರಿ’ ಅಂದರು. ಜನ ಇಳಿಯಲಿಲ್ಲ. ಬಲವಂತ ಮಾಡುವುದಿಲ್ಲ ಅಂತ ಫ್ರಾನ್ಸ್ ಸರ್ಕಾರವೂ ಹೇಳಿತು. ಮೂರು ವಾರಕ್ಕೂ ಜಾಸ್ತಿ, ಬಿರುಬೇಸಿಗೆ, ಡೆಕ್ಕಿನ ಮೇಲೆ ಜಾಲರಿ ಹಾಕಿದ ಪಂಜರ. ಕೆಲವು ಕಾಯಿಲೆಯವರು, ಇನ್ನೂ ಸ್ವಲ್ಪ ಜನ ಇಳಿದರು ಅಷ್ಟೇ. ಕೊನೆಗೆ ಎಲ್ಲಿಗೆ ಒಯ್ದರು ಗೊತ್ತಾ? ಹ್ಯಾಂಬರ್ಗ್‌ಗೆ. ಜರ್ಮನಿಗೆ! ಅಲ್ಲಿ ಇಳಿಯದವರನ್ನು ಸೆಪ್ಟೆಂಬರಿನಲ್ಲಿ ಹೊಡೆದು, ಎಳೆದು ಇಳಿಸಿ, ಲ್ಯೂಬೆಕ್ ಹತ್ತಿರದ ಶಿಬಿರಗಳಲ್ಲಿ ಮತ್ತೆ ಬೇಲಿಯೊಳಗೆ ಕೂಡಿಟ್ಟರು. ನಿನ್ನ ಅಜ್ಜಿಗೆ ಆಗ ಆರೇಳು ವರ್ಷ ಇರಬೇಕು. ಮಗಳು ಯಾಕೆ ಹಾಗೆ ಹೇಳಿದಳು ಅಂತ ಈಗ ಗೊತ್ತಾಯಿತಲ್ವಾ?

ನಾನು ಹದಿನಾಲ್ಕು ವರ್ಷ ನೋಡಿಕೊಂಡ ಅಜ್ಜ ಸೈಪ್ರಸ್ ಶಿಬಿರದಲ್ಲಿದ್ದವರು. ಆಸ್ಪತ್ರೆ ಬಾಗಿಲಲ್ಲಿ ಕಾರಿನಿಂದ ಇಳಿಯಲು ಒಪ್ಪುತ್ತಲೇ ಇರಲಿಲ್ಲ. ಮೊದಮೊದಲು ನಾನು ತೋಳು ಹಿಡಿದು ಎಳೆಯುತ್ತಿದ್ದೆ, ಅವರು ಕೂಗಾಡುತ್ತಿದ್ದರು. ಆಮೇಲೆ ಪಕ್ಕದಲ್ಲಿ ಸುಮ್ನೆ ಕೂತೆ. ಹತ್ತು ನಿಮಿಷಕ್ಕೆ ಅವರೇ ಇಳಿದರು. ಹಳೆಯದರ ನೆನಪೋ, ವಯಸ್ಸಿನ ಹಟವೋ, ನಾನು ಕೇಳಲಿಲ್ಲ. ನೀನೂ ಎಳೆಯಬೇಡ.

ಈ ಊರಿಗೆ ಇನ್ನೊಂದು ಕಥೆಯೂ ಇದೆ. 1948ರ ಏಪ್ರಿಲಿನಲ್ಲಿ ಹೈಫಾದ ಅರಬರಲ್ಲಿ ಬಹುಪಾಲು ಜನ ಇದೇ ಬಂದರಿನಿಂದ ಮನೆಮಠ ಬಿಟ್ಟು ಹೋದರು. ಉಳಿದವರ ಮೊಮ್ಮಕ್ಕಳ ಅಂಗಡಿಯಲ್ಲೇ ನಾನು ತರಕಾರಿ ಕೊಳ್ಳುವುದು. ಯಾರ ಕಥೆ ಕೇಳಿದರೂ ಬಾಯಿ ಮುಚ್ಚಿಕೊಂಡು ಕೇಳು, ವಾದಕ್ಕೆ ಇಳಿಯಬೇಡ. ನಮ್ಮವರದ್ದೂ ಇಲ್ಲಿ ಒಂದಿಷ್ಟಿದೆ: 1918ರ ಸೆಪ್ಟೆಂಬರ್ 23ರಂದು ಈ ಊರನ್ನು ತುರ್ಕರಿಂದ ಗೆದ್ದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಇದನ್ನು ಹೇಳಿದರೆ ಇಲ್ಲಿನ ಮುದುಕರಿಗೆ ಬಹಳ ಖುಷಿ.

ಇನ್ನು ಉಳಿದದ್ದು. ಸೈರನ್ ಎರಡು ಥರ. ಏರಿಳಿದು ಕೂಗಿದರೆ ಅಜ್ಜಿಯನ್ನು ಕರೆದುಕೊಂಡು ರಕ್ಷಣಾ ಕೋಣೆಗೆ ಹೋಗು. ಒಂದೇ ಸಮನೆ ಕೂಗಿದರೆ ಅದು ಸತ್ತವರ ನೆನಪಿಗೆ, ಎದ್ದು ನಿಂತರೆ ಸಾಕು. ಮನೆಯಲ್ಲಿ ಕೋಷರ್ (ಯಹೂದಿಗಳ ಊಟದ ಕಟ್ಟುಪಾಡು) ಪಾಲಿಸುತ್ತಾರಾ ಅಂತ ಮೊದಲ ದಿನವೇ ಕೇಳಿಕೋ. ಪಾಲಿಸಿದರೆ ಮಾಂಸದ ಪಾತ್ರೆಗೆ ಹಾಲು ಮುಟ್ಟಿಸಬಾರದು. ಮಳೆ ಬರುವುದು ಚಳಿಗಾಲದಲ್ಲಿ, ಹಾಗಾಗಿ ಸ್ವೆಟರ್ ಜೊತೆ ಕೊಡೆಯೂ ಬೇಕು. ಕುಚ್ಚಲಕ್ಕಿ ಹೊತ್ತು ತರಬೇಡ, ತೂಕ ದಂಡ. ಪುನರ್ಪುಳಿ ತಾ, ನನಗೂ ಒಂದು ಕಟ್ಟು.