ಓದುಗರ ಪ್ರಶ್ನೆ: ಮಗುವಿನ ಶಾಲೆಯನ್ನು ತೂಗಿ ನೋಡುವುದು ಹೇಗೆ?

ಪ್ರಶ್ನೆ: ನಮ್ಮ ಮಗಳು ಮೂರನೇ ತರಗತಿಯಲ್ಲಿದ್ದಾಳೆ. ಪ್ರತಿದಿನ ಖುಷಿಯಿಂದ ಶಾಲೆಗೆ ಹೋಗುತ್ತಾಳೆ. ಶಿಕ್ಷಕಿಯರು ಮಕ್ಕಳನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ. ಆದರೆ ಒಂದು ತರಗತಿಯಲ್ಲಿ 42 ಮಕ್ಕಳು, ಗ್ರಂಥಾಲಯದ ಕೋಣೆಗೆ ಸದಾ ಬೀಗ, ಗಣಿತವೆಂದರೆ ಬಾಯಿಪಾಠ. ಬಂಧುಗಳು ಇನ್ನೊಂದು ಶಾಲೆಯನ್ನು ಹೊಗಳುತ್ತಿದ್ದಾರೆ. ಅದರ ಕಟ್ಟಡ, ಕಂಪ್ಯೂಟರ್ ಕೋಣೆ ನೋಡಿದರೆ ನಮಗೂ ಮನಸ್ಸಾಗುತ್ತದೆ. ಶಾಲೆಯ ಗುಣದೋಷಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?
– ಒಬ್ಬ ತಾಯಿ

ಉತ್ತರ: ನೀವು ಬರೆದಿರುವ ದೋಷಗಳೆಲ್ಲ ಒಂದೇ ತೂಕದವಲ್ಲ. ಗ್ರಂಥಾಲಯದ ಬೀಗವನ್ನು ನಾಳೆಯೇ ತೆಗೆಸಬಹುದು. ಕಲಿಸುವ ರೀತಿಯನ್ನು ತಿದ್ದಲು ವರ್ಷಗಳೇ ಬೇಕಾಗುತ್ತವೆ. ಆದ್ದರಿಂದ ಶಾಲೆಯಲ್ಲಿ ಏನೇನಿದೆ ಎಂದು ಎಣಿಸುವ ಮೊದಲು, ಅಲ್ಲಿ ಕಲಿತ ಮಗುವಿಗೆ ಏನು ಬಂದಿದೆ ಎಂಬುದನ್ನು ನೋಡುವುದು ಒಳ್ಳೆಯದು.

ಮೊದಲು ಓದು. ಮೂರನೇ ತರಗತಿ ದಾಟಿದ ಮೇಲೆ ಎಲ್ಲ ವಿಷಯಗಳ ಪಾಠಗಳೂ ಮಗುವಿಗೆ ಓದು ಬರುತ್ತದೆ ಎಂದು ನಂಬಿಕೊಂಡೇ ಸಾಗುತ್ತವೆ. ಸರಾಗವಾಗಿ ಓದುವ ಮಗು ಹೆಚ್ಚು ಓದುತ್ತದೆ, ಹೆಚ್ಚು ಓದಿದಷ್ಟೂ ಅದರ ಪದಸಂಪತ್ತು ಬೆಳೆಯುತ್ತದೆ. ತಡವರಿಸುವ ಮಗು ಪುಸ್ತಕದಿಂದಲೇ ದೂರ ಸರಿಯುತ್ತದೆ. ಈ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಹೋಗುವುದನ್ನು ಮನೋವಿಜ್ಞಾನಿ ಕೀತ್ ಸ್ಟಾನೊವಿಚ್ 1986ರಲ್ಲಿಯೇ ವಿವರಿಸಿದ್ದರು. ಕನ್ನಡದ ಮಟ್ಟಿಗೆ ಇನ್ನೊಂದು ಮಾತನ್ನು ಸೇರಿಸಬೇಕು. ರೋಮನ್ ಲಿಪಿಯಲ್ಲಿ ಇರುವುದು 26 ಅಕ್ಷರಗಳು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಕನ್ನಡ ಕಲಿಯುವ ಮಗು ಗುರುತಿಸಬೇಕಾದ ರೂಪಗಳು ನೂರಾರು. ಹೀಗಾಗಿ ಅಕ್ಷರ ಕಲಿಕೆ ಒಂದನೇ ತರಗತಿಗೇ ಮುಗಿಯುವುದಿಲ್ಲ. ಕನ್ನಡದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು ಅದು ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದನ್ನು ತೋರಿಸಿದ್ದಾರೆ. ನಿಮ್ಮ ಮಗಳು ಅಪರೂಪದ ಒತ್ತಕ್ಷರವೊಂದಕ್ಕೆ ಎಡವಿದರೆ ಗಾಬರಿಯಾಗಬೇಡಿ. ಒಂದನೇ ತರಗತಿಯ ಬಳಿಕ ಅಕ್ಷರ ಕಲಿಸುವುದನ್ನೇ ಶಾಲೆ ಕೈಬಿಟ್ಟಿದ್ದರೆ ಮಾತ್ರ ಅದು ದೊಡ್ಡ ದೋಷ. ಪರೀಕ್ಷಿಸಲು ಪಠ್ಯಪುಸ್ತಕ ಬೇಡ, ಅದರ ಪಾಠಗಳು ಅರ್ಧ ಬಾಯಿಗೆ ಬಂದಿರುತ್ತವೆ. ಹಿಂದೆಂದೂ ನೋಡಿರದ ಕತೆಯ ಒಂದು ಪುಟವನ್ನು ಓದಿಸಿ, ಪುಸ್ತಕ ಮುಚ್ಚಿ, ಏನು ನಡೆಯಿತೆಂದು ಕೇಳಿ.

ಇನ್ನು ಗಣಿತ. ಮಗ್ಗಿಯನ್ನು ಬಾಯಿಪಾಠ ಮಾಡಿಸುವುದು ತಪ್ಪಲ್ಲ. ಮಗ್ಗಿ ಬರದ ಮಗು ಭಾಗಾಕಾರದ ಪ್ರತಿ ಹೆಜ್ಜೆಯಲ್ಲೂ ಬಳಲುತ್ತದೆ. ಲೆಕ್ಕ ಮಾಡುವ ಕ್ರಮವನ್ನಷ್ಟೇ ಕಲಿಸಿ ಅರ್ಥವನ್ನು ಬಿಟ್ಟುಬಿಡುವುದು ತಪ್ಪು. 8 + 4 = □ + 5 ಎಂದು ಬರೆದು, ಖಾಲಿ ಜಾಗದಲ್ಲಿ ಏನಿರಬೇಕೆಂದು ಮಗಳನ್ನು ಕೇಳಿ. ಬಹಳಷ್ಟು ಮಕ್ಕಳು ತಟ್ಟನೆ 12 ಎಂದು ಬರೆಯುತ್ತಾರೆ, ಏಕೆಂದರೆ ಅವರ ಪಾಲಿಗೆ ಸಮ ಚಿಹ್ನೆಯೆಂದರೆ ‘ಇಲ್ಲಿ ಉತ್ತರ ಬರೆ’ ಎಂಬ ಅಪ್ಪಣೆಯೇ ಹೊರತು ಎರಡೂ ಬದಿ ಸಮನಾಗಿರಬೇಕೆಂಬ ಮಾತಲ್ಲ. ಅವಳು 7 ಎಂದರೆ, ಆ ಬಾಯಿಪಾಠದ ನಡುವೆಯೂ ಯಾರೋ ಶಿಕ್ಷಕಿ ಅರ್ಥವನ್ನು ಕಲಿಸಿದ್ದಾರೆ ಎಂದೇ ತಿಳಿಯಬೇಕು.

ಮಗುವಿನ ನೋಟ್‌ಪುಸ್ತಕದಷ್ಟು ಪ್ರಾಮಾಣಿಕವಾದ ದಾಖಲೆ ಶಾಲೆಯಲ್ಲಿ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 52ರಲ್ಲಿ 27 ಕಳೆದು 35 ಎಂದು ಬರೆದ ಮಗು ಅಜಾಗರೂಕತೆಯಿಂದ ತಪ್ಪಿದ್ದಲ್ಲ. ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗದೆಂದು, ತಿರುಗಿಸಿ 7ರಲ್ಲಿ 2ನ್ನು ಕಳೆದಿದೆ. ದಶಕ ತೆಗೆದುಕೊಳ್ಳುವುದು ಅದಕ್ಕೆ ಅರ್ಥವಾಗಿಲ್ಲ. ಕೆಂಪು ಶಾಯಿಯ ತಪ್ಪು ಗುರುತು ಇದನ್ನು ಮಗುವಿಗೆ ತಿಳಿಸುವುದಿಲ್ಲ. ಪುಟವಿಡೀ ಒಂದೇ ಉದ್ದನೆಯ ಸರಿ ಗುರುತು ಎಳೆದಿದ್ದರಂತೂ ತಪ್ಪು ಯಾರ ಕಣ್ಣಿಗೂ ಬಿದ್ದಿಲ್ಲ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ಟಿಪ್ಪಣಿ ಪಡೆದ ಮಕ್ಕಳ ಆಸಕ್ತಿ ಮತ್ತು ಸಾಧನೆ ಉಳಿದುಕೊಂಡವು. ಅಂಕವನ್ನೂ ಜೊತೆಗೆ ಕೊಟ್ಟಾಗ ಟಿಪ್ಪಣಿಯ ಲಾಭ ಹೆಚ್ಚುಕಡಿಮೆ ಕರಗಿಹೋಯಿತು. ಮಕ್ಕಳ ಕಣ್ಣು ಅಂಕದ ಮೇಲೆಯೇ ನಿಲ್ಲುತ್ತದೆ, ದೊಡ್ಡವರ ಕಣ್ಣೂ ಅಷ್ಟೇ.

ತರಗತಿಯಲ್ಲಿ 42 ಮಕ್ಕಳಿರುವುದು ನಿಜವಾದ ಕೊರತೆ. ಅಮೆರಿಕದ ಟೆನೆಸೀ ರಾಜ್ಯದಲ್ಲಿ 1985ರಿಂದ 1989ರವರೆಗೆ ನಡೆದ ದೊಡ್ಡ ಪ್ರಯೋಗದಲ್ಲಿ, 13ರಿಂದ 17 ಮಕ್ಕಳ ತರಗತಿಗಳಲ್ಲಿ ಕಲಿತವರು 22ರಿಂದ 25 ಮಕ್ಕಳ ತರಗತಿಗಳಲ್ಲಿ ಕಲಿತವರಿಗಿಂತ ಓದು, ಗಣಿತ ಎರಡರಲ್ಲೂ ಮುಂದಿದ್ದರು. ಅಲ್ಲಿ ‘ದೊಡ್ಡ’ದೆನಿಸಿಕೊಂಡ ತರಗತಿಯೇ ನಿಮ್ಮ ಮಗಳ ತರಗತಿಗಿಂತ ಎಷ್ಟು ಚಿಕ್ಕದೆಂದು ಗಮನಿಸಿ. 42 ನೋಟ್‌ಪುಸ್ತಕಗಳನ್ನು ದಿನವೂ ಎಚ್ಚರದಿಂದ ತಿದ್ದುವುದು ಒಬ್ಬ ಶಿಕ್ಷಕಿಗೆ ಸಾಧ್ಯವಿಲ್ಲ. ಹಾಗಿದ್ದೂ ವಾರಕ್ಕೆ ಹತ್ತನ್ನಾದರೂ ಕೂಲಂಕಷವಾಗಿ ನೋಡುವ ಪದ್ಧತಿ ಇಟ್ಟುಕೊಂಡಿದ್ದರೆ, ಅದನ್ನು ಆ ಶಾಲೆಯ ದೊಡ್ಡ ಬಲವೆಂದೇ ನಾನು ಎಣಿಸುತ್ತೇನೆ.

ಮಗು ನಗುತ್ತ ಹೋಗುವುದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಹೆದರಿದ ಮಗು ಪ್ರಶ್ನೆ ಕೇಳುವುದಿಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದೂ ಇಲ್ಲ. ಆ ಧೈರ್ಯ ಇರುವ ಕಡೆ ಉಳಿದ ಕೊರತೆಗಳನ್ನು ತುಂಬಿಕೊಳ್ಳಬಹುದು. ಆದರೆ ಅಕ್ಕರೆಯೊಂದೇ ಸಾಲದು. ತರಗತಿ ಶಿಕ್ಷಕಿಯನ್ನು ಭೇಟಿಯಾಗಿ ‘ನಮ್ಮ ಮಗಳಿಗೆ ಈಗ ಎಲ್ಲಿ ತೊಡಕಾಗುತ್ತಿದೆ?’ ಎಂದು ಕೇಳಿ. ‘ಚೆನ್ನಾಗಿ ಓದುತ್ತಾಳೆ, ಸ್ವಲ್ಪ ಗಮನ ಕೊಡಬೇಕು’ ಎಂಬ ಉತ್ತರ ಬಂದರೆ ಅದು ಯಾವ ಮಗುವಿಗೂ ಹೊಂದುವ ಮಾತು. ಕಳೆಯುವಾಗ ದಶಕದಲ್ಲಿ ಎಡವುತ್ತಾಳೆ ಎಂದೋ, ಓದಿದ್ದನ್ನು ಹೇಳುತ್ತಾಳೆ ಆದರೆ ಬರೆಯಲು ಹಿಂಜರಿಯುತ್ತಾಳೆ ಎಂದೋ ಬಂದರೆ ಮಗಳನ್ನು ಅಲ್ಲಿಯೇ ಉಳಿಸಿ, ಗ್ರಂಥಾಲಯದ ಬೀಗಕ್ಕಾಗಿ ನಾಲ್ಕು ಜನ ಪೋಷಕರೊಂದಿಗೆ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಹೊಸ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ತೋರಿಸಿದಾಗಲೂ, ಮೂರನೇ ತರಗತಿಯ ನಾಲ್ಕಾರು ನೋಟ್‌ಪುಸ್ತಕಗಳನ್ನು ನೋಡಲು ಕೊಡಿ ಎಂದು ಕೇಳಿ ನೋಡಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ವರ್ಷದ ಕೊನೆಗೆ ಶಾಲೆಯ ಬಲ ಮತ್ತು ಕೊರತೆಗಳ ವರದಿ ಸಿದ್ಧಪಡಿಸಬೇಕಾಗಿದೆ. ಕೊರತೆಗಳನ್ನು ಬರೆದರೆ ತಮ್ಮ ಮೇಲೆ ದೂರು ಹೇಳಿದಂತಾಗುತ್ತದೆ ಎಂದು ಸಹಶಿಕ್ಷಕರು ಅಳುಕುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ಮುಖ್ಯೋಪಾಧ್ಯಾಯಿನಿ

ಉತ್ತರ: ಅವರ ಅಳುಕಿಗೆ ಕಾರಣವಿದೆ; ಇಂಥ ವರದಿಗಳಲ್ಲಿ ಕೊರತೆಯೆಂದರೆ ಸಾಮಾನ್ಯವಾಗಿ ಯಾರದೋ ಹೆಸರು. ವ್ಯಕ್ತಿಯನ್ನು ಬಿಟ್ಟು ಕೆಲಸವನ್ನು ಬರೆಯಿರಿ. ‘ಎರಡನೇ ತರಗತಿ ಹಿಂದುಳಿದಿದೆ’ ಎಂಬುದರಿಂದ ಯಾರಿಗೂ ಏನೂ ತಿಳಿಯದು. ಒತ್ತಕ್ಷರವಿರುವ ವಾಕ್ಯವನ್ನು ಎಷ್ಟು ಮಕ್ಕಳು ಓದಲಾರರು ಎಂದು ಬರೆದರೆ ಮುಂದಿನ ಕೆಲಸ ಕಾಣುತ್ತದೆ. ‘ಪೋಷಕರ ಅಸಹಕಾರ’ವನ್ನು ದಯವಿಟ್ಟು ಕೊರತೆಗಳ ಪಟ್ಟಿಗೆ ಸೇರಿಸಬೇಡಿ, ಅದು ಶಾಲೆಯ ವರದಿಯಲ್ಲಿ ಪೋಷಕರಿಗೆ ಕೊಟ್ಟ ಅಂಕವಾಗುತ್ತದೆ.

ಶುರುಮಾಡಲು ಯಾರಿಗೂ ನೋವಾಗದ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂಬುದನ್ನು ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಗಮನಿಸಿದ್ದರು; ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಮೊದಲು ನಿಮ್ಮ ಪಾಠವನ್ನೇ ಸಹಶಿಕ್ಷಕರೊಬ್ಬರು ಕುಳಿತು ಅಳೆಯಲಿ, ವರದಿಯ ಮೊದಲ ಕೊರತೆಯೂ ನಿಮ್ಮದೇ ಆಗಿರಲಿ. ಆಮೇಲೆ ಉಳಿದವರನ್ನು ಒಪ್ಪಿಸುವುದು ಅಷ್ಟು ಕಷ್ಟವಾಗದು.

ಪ್ರಶ್ನೆ: ಎರಡನೇ ತರಗತಿಯ ಮಗನಿಗೆ ಶಾಲೆಯಿಂದ ದಿನಾ ಎರಡು ಗಂಟೆಯ ಮನೆಗೆಲಸ (ಹೋಂವರ್ಕ್) ಕೊಡುತ್ತಾರೆ. ಇದು ಒಳ್ಳೆಯ ಶಾಲೆಯ ಲಕ್ಷಣವೇ?
– ಒಬ್ಬ ತಂದೆ

ಉತ್ತರ: ಅಲ್ಲ. ಮನೆಗೆಲಸದ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಹ್ಯಾರಿಸ್ ಕೂಪರ್, ಪ್ರೌಢಶಾಲೆಯ ವಯಸ್ಸಿನಲ್ಲಿ ಕಾಣುವ ಲಾಭ ಚಿಕ್ಕ ಮಕ್ಕಳಲ್ಲಿ ಬಹಳ ಕ್ಷೀಣವೆಂದು ಕಂಡುಕೊಂಡರು. ಈ ವಯಸ್ಸಿಗೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ ಅವನಿಗೆ ಕತೆ ಓದಿ ಹೇಳಿ, ಆಡಲು ಬಿಡಿ, ಮತ್ತು ಇದನ್ನು ಶಾಲೆಗೆ ಒಂದು ಪತ್ರದಲ್ಲಿ ಬರೆದು ತಿಳಿಸಿ.